ನಾಲ್ಕನೆಯ ರೊಪ್ಪದ ಕೆಂಪು ದೀಪ

ರೋಜಾ ಸ್ಲೇಟಿನ ಮೊದಲ ಸಾಲಿನಲ್ಲಿ ಏನನ್ನೂ ಬರೆಯುತ್ತಿರಲಿಲ್ಲ. ಮಗ್ಗಿಯಾಗಲಿ ಶುದ್ಧಬರಹವಾಗಲಿ, ಮೇಲೊಂದು ಸಾಲು ಖಾಲಿ ಬಿಟ್ಟೇ ಆರಂಭಿಸುತ್ತಿದ್ದಳು. "ಜಾಗ ಯಾಕಮ್ಮ ಹಾಳು ಮಾಡ್ತೀಯ?" ಎಂದು ನಾನೊಮ್ಮೆ ಕೇಳಿದೆ. ಅವಳು ಗೋಡೆಗೆ ಬೆನ್ನು ಒತ್ತಿ ನಿಂತು, "ಅದು ಮೀಸಲು ಸಾ" ಎಂದಳು. ಕುರಿ ಕಾಯುವ ಅವರ ಹಟ್ಟಿಯಲ್ಲಿ ಯಾವುದರ ಮೊದಲ ಪಾಲನ್ನೂ ಮನುಷ್ಯರು ಮುಟ್ಟುವುದಿಲ್ಲ. ಹಾಲಿನಲ್ಲಿ ಮೊದಲ ಗಿಂಡಿ, ಕಣದ ರಾಗಿಯಲ್ಲಿ ಮೊದಲ ಮೊರ, ಮಂದೆಯಲ್ಲಿ ಒಂದು ಟಗರು ದೇವರ ಹೆಸರಿನಲ್ಲಿ ಬೇರೆ ಇರುತ್ತವೆ. ಸ್ಲೇಟಿಗೂ ಆ ನಿಯಮವನ್ನು ತಂದ ಮಗು ಅದೊಂದೇ.

ಐಮಂಗಲದಿಂದ ಒಳಗೆ ಗುಡ್ಡದ ಬುಡದಲ್ಲಿದ್ದ, ನಾನು ಮೇಷ್ಟ್ರಾಗಿದ್ದ ಆ ಶಾಲೆಗೆ ಅವಳು ಬರುತ್ತಿರುವುದು ನಮಗೆ ಮೊದಲೇ ತಿಳಿಯುತ್ತಿತ್ತು. ದಾರಿಯುದ್ದಕ್ಕೂ ಕಲ್ಲುಗೋಡೆಗೆ ಕೋಲು ತಾಗಿಸಿ ಕಟಕಟ ಸದ್ದು ಮಾಡುತ್ತ ಬರುತ್ತಿದ್ದಳು. ಚಿರತೆ ಇದ್ದರೆ ಸದ್ದು ಕೇಳಿ ಸರಿಯಲಿ ಎಂದು ಅಜ್ಜಿ ಹೇಳಿಕೊಟ್ಟಿದ್ದಳಂತೆ. ಚಿರತೆ ಎಂಬ ಹೆಸರನ್ನು ಮಾತ್ರ ಅವಳ ಬಾಯಿಂದ ನಾನು ಕೇಳಲಿಲ್ಲ. ಆ ಕಡೆಯ ಕುರಿಗಾರರು ಅದನ್ನು "ಗುಡ್ಡದ್ದು" ಎನ್ನುತ್ತಾರೆ. ಹೆಸರು ಹಿಡಿದು ಕರೆದರೆ ಬಂದೀತೆಂಬ ಭಯ. ತರಗತಿಯಲ್ಲಿಯೂ ಅವಳು ಬಾಗಿಲಿಗೆ ಎದುರಾಗಿಯೇ ಕುಳಿತುಕೊಳ್ಳುತ್ತಿದ್ದಳು.

ಅಂಥ ಅಂಜುಬುರುಕಿ ಚಿತ್ರದುರ್ಗದಲ್ಲಿ ಡಿಪ್ಲೊಮಾ ಮುಗಿಸಿ, ಹಿರಿಯೂರಿನ ಕಲ್ಲೇಶನ ಅಂಗಡಿ ಸೇರಿ, ಏಣಿ ಹತ್ತಿ ಊರೂರಿನ ಗೋಡೆಗಳಿಗೆ ಕ್ಯಾಮೆರಾ ಕೂರಿಸುವವಳಾದಳು. ಹಣೆಯ ತುಂಬ ವಿಭೂತಿ, ಬಾಯಿಯ ತುಂಬ ತಮಾಷೆ, ಅದೇ ಕಲ್ಲೇಶ. ಮುಂದೆ ಅವಳ ಮದುವೆ ಪಕ್ಕದ ಮೇಗಲಹಟ್ಟಿಯ ತಿಮ್ಮೇಶನೊಡನೆ ಆಯಿತು. ತಿಮ್ಮೇಶ ಕುರಿ ಕಾಯುತ್ತಾನೆ. ಇನ್ನು ನಾನು ಹೇಳುವುದೆಲ್ಲ ರೋಜಾಳೂ ಕಲ್ಲೇಶನೂ ನನ್ನ ಮನೆಯ ಜಗಲಿಯಲ್ಲಿ ಕುಳಿತು ಒಬ್ಬರ ಮಾತನ್ನು ಒಬ್ಬರು ತಿದ್ದುತ್ತ ಹೇಳಿದ್ದು.

ಜಾಲಿಮುಳ್ಳಿನ ಬೇಲಿ ಕಟ್ಟಿ ಕುರಿ ಕೂಡುವ ಜಾಗಕ್ಕೆ ನಮ್ಮ ಕಡೆ ರೊಪ್ಪ ಎನ್ನುತ್ತೇವೆ. ಮೇಗಲಹಟ್ಟಿಯಲ್ಲಿ ಮೂರು ರೊಪ್ಪಗಳಿದ್ದವು. ರೋಜಾಳ ಅತ್ತೆ ಏಕನಾಥಮ್ಮ ಮಳೆಗಾಲ ಬೇಸಿಗೆಯೆನ್ನದೆ ರೊಪ್ಪದ ಪಕ್ಕದಲ್ಲೇ ಕಂಬಳಿ ಹಾಸಿ ಮಲಗುವ ಹೆಂಗಸು. ಅವಳಿಗೆ ಕಿವಿ ಕೇಳುವುದಿಲ್ಲ. ಹತ್ತಿರ ಹೋಗಿ ಕೂಗಿದರೆ ಅಷ್ಟಿಷ್ಟು ತಿಳಿಯುತ್ತದೆ. ಅದಕ್ಕಾಗಿ ಕರಿಯ ಎಂಬ ನಾಯಿಯ ಹಗ್ಗದ ಒಂದು ತುದಿಯನ್ನು ತನ್ನ ಮಣಿಕಟ್ಟಿಗೆ ಕಟ್ಟಿಕೊಂಡು ಮಲಗುತ್ತಿದ್ದಳು. ನಾಯಿ ಬೊಗಳಿದ್ದು ಕೇಳದಿದ್ದರೂ ಎಳೆದದ್ದು ತಿಳಿಯುತ್ತದೆ. ಅವಳ ಮಣಿಕಟ್ಟಿನ ಸುತ್ತ ಚರ್ಮ ಕಪ್ಪಾಗಿ ಬಳೆಯಂತೆ ಗುರುತು ಬಿದ್ದಿತ್ತು.

ಹೋದ ವರ್ಷ ಗುಡ್ಡದ್ದು ಹಟ್ಟಿಗೆ ಇಳಿಯತೊಡಗಿತು. ಮೊದಲು ನಾಯಿಮರಿಗಳು ಹೋದವು. ಆಮೇಲೆ ಕುರಿ. ಒಂದು ಬೆಳಗ್ಗೆ ಏಕನಾಥಮ್ಮನ ಹಾಸಿಗೆಯ ತಲೆದೆಸೆಯಲ್ಲಿಯೇ, ಇಬ್ಬನಿ ಬಿದ್ದ ಮಣ್ಣಿನ ಮೇಲೆ, ಅದರ ಹೆಜ್ಜೆ ಇತ್ತು. ಕುರಿ ಕಳೆದುಕೊಂಡಾಗ ಅಳದಿದ್ದ ರೋಜಾ ಆ ಹೆಜ್ಜೆಯನ್ನು ಕಂಡು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು.

ಬೆಂಗಳೂರಿನ ಯಾರೋ ಚಿರತೆಯನ್ನು ಗುರುತಿಸುವ ಪ್ರೋಗ್ರಾಂ ಮಾಡಿದ್ದಾರೆಂದು ಕಲ್ಲೇಶನಿಗೆ ತಿಳಿದದ್ದು ಆ ದಿನಗಳಲ್ಲಿ. ಹಟ್ಟಿಯವರೆಲ್ಲ ಸೇರಿ ಒಂದು ಪುಟ್ಟ ಕಂಪ್ಯೂಟರ್ ತರಿಸಿದರು. ರೊಪ್ಪಕ್ಕೊಂದು ಕ್ಯಾಮೆರಾ, ಕ್ಯಾಮೆರಾಕ್ಕೊಂದು ಪ್ರೋಗ್ರಾಂ. ಚಿರತೆಯ ಆಕಾರ ಕಂಡರೆ ಆ ರೊಪ್ಪದ ಕಂಬದ ಮೇಲಿನ ಸೈರನ್ ಕೂಗಬೇಕು. ಅತ್ತೆಗಾಗಿ ರೋಜಾ ಪ್ರತಿ ಕಂಬಕ್ಕೂ ಸುತ್ತುವ ಕೆಂಪು ದೀಪವನ್ನೂ ಕಟ್ಟಿದಳು.

ಮೊದಲ ವಾರವೇ ಅವಮಾನವಾಯಿತು. ಗುಡ್ಡದ್ದು ಬಂದು ಒಂದು ಮರಿಯನ್ನು ಕಚ್ಚಿಕೊಂಡು ಬೇಲಿ ದಾಟಿ ಹೋದ ಮೇಲೆ ಸೈರನ್ ಕೂಗಿತು. ಪಕ್ಕದ ಮನೆಯ ರಂಗಪ್ಪ ಎಲ್ಲರ ಮುಂದೆ, "ರೋಜಮ್ಮ, ನಿನ್ ಮಿಷನ್ನು ಭಾಳ ಮರ್ಯಾದಸ್ತ. ಬಂದೋರ್ನ ಊಟ ಮಾಡ್ಸಿ, ಹೋಗಿ ಬರ್ರಿ ಅಂತ ಕೂಗ್ತೈತೆ" ಎಂದ.

ತಪ್ಪು ಎಲ್ಲಿದೆಯೆಂದು ರೋಜಾ ಹುಡುಕಿದಳು. ಆ ಕಂಪ್ಯೂಟರಿನ ಪ್ರೊಸೆಸರಿನಲ್ಲಿ ನಾಲ್ಕು ಕೋರ್‌ಗಳಿದ್ದವು. ಕೋರ್ ಎಂದರೆ ಏಕಕಾಲದಲ್ಲಿ ಒಂದು ಕೆಲಸ ಹಿಡಿದು ನಡೆಸುವ ಕೈ ಎಂದುಕೊಳ್ಳಿ. ಯಾವ ಪ್ರೋಗ್ರಾಂ ಯಾವ ಕೋರಿನಲ್ಲಿ ನಡೆಯಬೇಕೆಂದು ಹೇಳದಿದ್ದರೆ ಯಂತ್ರವೇ ಅವನ್ನು ಅತ್ತಿಂದಿತ್ತ ಹೊರಳಿಸುತ್ತದೆ. ಚಿತ್ರ ಉಳಿಸುವ, ಫೋನಿಗೆ ಕಳಿಸುವ ತನ್ನ ಕೆಲಸಗಳನ್ನೂ ನಡುವೆ ತುರುಕುತ್ತದೆ. ಅಷ್ಟರಲ್ಲಿ ಚಿತ್ರಗಳು ಸಾಲಾಗಿ ಬಿದ್ದು ಹಳತಾಗುತ್ತವೆ. ಪ್ರೋಗ್ರಾಂ ನೋಡುತ್ತಿದ್ದುದು ಆಗಲೇ ಕಳೆದುಹೋದ ಗಳಿಗೆಯನ್ನು.

ಆದ್ದರಿಂದ ಅವಳು ಒಂದು ಸ್ಕ್ರಿಪ್ಟ್ ಬರೆದಳು. ಕರೆಂಟು ಹೋಗಿ ಬಂದಾಗಲೆಲ್ಲ ಕಂಪ್ಯೂಟರ್ ತಾನಾಗಿ ಓದಿಕೊಂಡು ನಡೆಸುವ ಆಜ್ಞೆಗಳ ಸಾಲು ಅದು. ಪ್ರತಿಯೊಂದು ಸಾಲೂ ಒಂದು ಪ್ರೋಗ್ರಾಮನ್ನು ಆರಂಭಿಸಿ ಅದನ್ನು ಒಂದೇ ಕೋರಿಗೆ ಕಟ್ಟುತ್ತಿತ್ತು. ಅದನ್ನು ಅವಳು ಅತ್ತೆಗೆ ಹೇಳಿದ್ದು ಹೀಗೆ, ಕಿವಿಯ ಬಳಿ ಕೂಗಿ:

"ಪೆಟ್ಟಿಗೇಲಿ ನಾಕು ಜನ ಕಾವಲುಗಾರ್ರು ಅವ್ರೆ ಅಂತ ತಿಳ್ಕಳ್ರಿ ಅತ್ತೆಮ್ಮ. ಒಬ್ಬೊಬ್ರಿಗೆ ಒಂದೊಂದು ರೊಪ್ಪ. ಒಬ್ಬನ ರೊಪ್ಪಕ್ಕೆ ಇನ್ನೊಬ್ಬ ಹೋಗಂಗಿಲ್ಲ."

"ರೊಪ್ಪ ಮೂರೇ ಅಲ್ಲೇನೇ? ನಾಕ್ನೇನು ಏನ್ ಮಾಡ್ತಾನೆ, ಬೀಡಿ ಸೇದ್ತಾನಾ?"

"ಅವ್ನು ಮೀಸಲು."

ಏಕನಾಥಮ್ಮನ ಮುಖ ಅರಳಿತು. "ಹಂಗಾದ್ರೆ ಪೆಟ್ಟಿಗೆ ನಮ್ದೇ ಬಿಡು" ಎಂದಳು.

ಕಲ್ಲೇಶ ಮಾತ್ರ ಗೊಣಗಿದ. "ಪೆಟ್ಟಿಗೇಲಿ ಕಾಲು ಭಾಗ ಪೂಜೆಗೆ ಬಿಟ್ಟೆಯಲ್ಲವ್ವ!" ಆದರೆ ಅದರಲ್ಲಿ ಅರ್ಥವಿತ್ತು. ಯಂತ್ರದ ಚಿಲ್ಲರೆ ಕೆಲಸಗಳೆಲ್ಲ ಆ ಬಿಡುವಿದ್ದ ಕೋರಿಗೆ ಹೋದವು. ಉಳಿದ ಮೂರು ಪ್ರೋಗ್ರಾಂಗಳು ನೋಡಿದ್ದನ್ನು ನೋಡಿದ ಕ್ಷಣದಲ್ಲೇ ಹೇಳತೊಡಗಿದವು.

ಯಂತ್ರ ತನ್ನ ಕೋರ್‌ಗಳನ್ನು ಸೊನ್ನೆಯಿಂದ ಎಣಿಸುತ್ತದೆ. ಸೊನ್ನೆ, ಒಂದು, ಎರಡು, ಮೂರು. ಅಲ್ಲಿಗೆ ನಾಲ್ಕೂ ಮುಗಿದವು. ರೋಜಾ ಸೊನ್ನೆಯನ್ನು ಮೀಸಲಿಟ್ಟು, ಒಂದನೆಯ ರೊಪ್ಪಕ್ಕೆ ಒಂದು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು ಎಂದು ಬರೆದಿದ್ದಳು. ರೊಪ್ಪದ ಸಂಖ್ಯೆಯೂ ಕೋರಿನ ಸಂಖ್ಯೆಯೂ ಒಂದೇ ಆಗಿ ಕೂತದ್ದು ಅವಳಿಗೆ ಬಲು ಅಂದವಾಗಿ ಕಂಡಿತು.

ಪರೀಕ್ಷೆಗೆ ಹಿರಿಯೂರಿನಲ್ಲಿ ಚಿರತೆಯ ಚಿತ್ರದ ಫ್ಲೆಕ್ಸ್ ಮಾಡಿಸಿ ತಂದಿದ್ದರು. ತಿಮ್ಮೇಶ ಅದನ್ನು ಎದೆಗೆ ಹಿಡಿದು ಬೇಲಿಯ ಪಕ್ಕ ಬಗ್ಗಿ ನಡೆಯಬೇಕು, ಸೈರನ್ ಕೂಗಬೇಕು. "ಇನ್ನೂ ಬಗ್ಗಲೇ, ಗುಡ್ಡದ್ದಕ್ಕೆ ಎಲ್ಲಿಂದ ಬಂತು ಪ್ಯಾಂಟು!" ಎಂದು ರಂಗಪ್ಪ ಕೂಗುತ್ತಿದ್ದ. ಮೂರು ರೊಪ್ಪಗಳಲ್ಲಿಯೂ ಸೈರನ್ ಕೂಗಿತು, ದೀಪ ತಿರುಗಿತು. ಆಮೇಲೆ ಗುಡ್ಡದ್ದು ನಿಜವಾಗಿ ಬಂದಾಗಲೂ ಕೂಗಿತು; ಅದು ಬರಿ ಬಾಯಲ್ಲಿ ಹಿಂತಿರುಗಿತು. ಹಟ್ಟಿ ನಿದ್ದೆ ಮಾಡಿತು.

ಈಯುವ ಕಾಲ ಬಂದಾಗ ಎಳೆ ಮರಿಗಳಿಗೆಂದು ಗುಡ್ಡದ ಕಡೆಗೆ, ಬೆಚ್ಚಗಿನ ಜಾಗದಲ್ಲಿ, ನಾಲ್ಕನೆಯ ರೊಪ್ಪ ಎದ್ದಿತು. ಒಳಗೆ ಮರಿಗಳು ಮಲಗಲು ಕಲ್ಲು ಜೋಡಿಸಿದ ಪುಟ್ಟ ಗೂಡು. ಏಕನಾಥಮ್ಮನ ಹಾಸಿಗೆಯೂ ಅಲ್ಲಿಗೆ ಹೋಯಿತು. ರೋಜಾ ಕ್ಯಾಮೆರಾ ಕೂರಿಸಿದಳು, ಕಂಬಕ್ಕೆ ದೀಪ ಕಟ್ಟಿದಳು. ಸ್ಕ್ರಿಪ್ಟಿನ ಮೂರನೆಯ ಸಾಲನ್ನು ನಕಲು ಮಾಡಿ, ಮೂರು ಇದ್ದಲ್ಲೆಲ್ಲ ನಾಲ್ಕು ಎಂದು ತಿದ್ದಿದಳು.

ಹಟ್ಟಿಯಲ್ಲಿ ಮಂದೆ ಎಣಿಸುವಾಗ ದೇವರ ಟಗರನ್ನು ಎಣಿಸುವುದಿಲ್ಲ. ಅದು ಕಣ್ಣೆದುರಿಗೇ ಮೇಯುತ್ತಿದ್ದರೂ ಎಣಿಕೆ ಅದನ್ನು ಬಿಟ್ಟು ಮುಂದಿನದರಿಂದ ಆರಂಭವಾಗುತ್ತದೆ. ರೋಜಾಳ ಮನಸ್ಸು ಹಾಗೆ ಎಣಿಸಿತು. ನಾಲ್ಕು ಕೋರ್ ಇದೆಯೆಂದು ಅವಳಿಗೆ ಗೊತ್ತು, ಒಂದು ಮೀಸಲೆಂದೂ ಗೊತ್ತು. ಆದರೆ ಮೀಸಲು ಆ ನಾಲ್ಕರೊಳಗಿನದೇ ಎಂಬುದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ನಾಲ್ಕು ಎಂಬ ಸಂಖ್ಯೆಯ ಕೋರ್ ಆ ಯಂತ್ರದಲ್ಲಿ ಇರಲೇ ಇಲ್ಲ. ಇಲ್ಲದ ಕಾವಲುಗಾರನಿಗೆ ಅವಳು ಅತ್ತೆಯ ರೊಪ್ಪವನ್ನು ಒಪ್ಪಿಸಿದ್ದಳು. ಕಂಪ್ಯೂಟರ್ ಆ ಸಾಲನ್ನು ಓದಿದಾಗಲೆಲ್ಲ, ಅಂಥ ಕೋರ್ ಇಲ್ಲವೆಂದು ಹೇಳಿ ಪ್ರೋಗ್ರಾಮನ್ನು ಆರಂಭಿಸದೆಯೇ ಬಿಡುತ್ತಿತ್ತು. ಅದು ಹೇಳಿದ್ದನ್ನು ಕೇಳುವವರಿರಲಿಲ್ಲ. ಯಂತ್ರದ ಗೊಣಗಾಟವೆಲ್ಲ ತುಂಬಿ ಹಿಂದೊಮ್ಮೆ ಅದರ ಜಾಗ ಮುಗಿದುದರಿಂದ, ಬಂದ ದೂರನ್ನೆಲ್ಲ ಎಸೆದುಬಿಡು ಎಂದು ಅವಳೇ ಬರೆದಿಟ್ಟಿದ್ದಳು.

ಪರೀಕ್ಷೆ ಮಾಡಿದ್ದರೆ ಅಂದೇ ತಿಳಿಯುತ್ತಿತ್ತು. ತಿಮ್ಮೇಶ ಫ್ಲೆಕ್ಸ್ ಹಿಡಿದು ಬಂದೂ ಇದ್ದ. ಏಕನಾಥಮ್ಮ ಬೇಲಿಯ ಬಾಯಿಗೆ ಅಡ್ಡ ನಿಂತಳು.

"ಏ, ಅದ್ನ ಇಲ್ಲಿಗ್ ತರಬ್ಯಾಡ. ಮರಿಗಳ ಹೊಕ್ಕಳು ಇನ್ನೂ ಒಣಗಿಲ್ಲ. ಗುಡ್ಡದ್ದರ ಮಕ ಕಂಡ ಮರಿ ಹಾಲು ಹಿಡಿಯಲ್ಲ."

"ಅಯ್ಯೋ, ಬರೀ ಫೋಟೋ ಕಣವ್ವ!"

"ಫೋಟೋಕ್ಕೆ ಕಣ್ಣಿಲ್ವೇನೋ? ಮಡಚು, ಮಡಚು."

ರೋಜಾಳಿಗೂ ಅತ್ತೆಯ ಮಾತನ್ನು ಮೀರುವ ಮನಸ್ಸಾಗಲಿಲ್ಲ. ಫೋನಿನಲ್ಲಿ ನಾಲ್ಕನೆಯ ಕ್ಯಾಮೆರಾದ ಚಿತ್ರ ಚೆನ್ನಾಗಿಯೇ ಬರುತ್ತಿತ್ತು. ಕಂಬದ ಮೇಲಿನ ಗುಂಡಿ ಒತ್ತಿದರೆ ದೀಪ ತಿರುಗುತ್ತಿತ್ತು. ಅಷ್ಟು ಸಾಕೆಂದುಕೊಂಡಳು. ಮಾರನೆಯ ದಿನ ಏಕನಾಥಮ್ಮ ಮಣಿಕಟ್ಟಿನ ಹಗ್ಗ ಬಿಚ್ಚಿ ಮಗನ ಕೈಗೆ ಕೊಟ್ಟಳು. "ಕರಿಯನ್ನ ಗುಡ್ಡಕ್ಕೆ ಕರ್ಕಂಡು ಹೋಗು. ನಂಗೆ ಸೊಸೆ ದೀಪ ಐತೆ."

ಹೀಗೆ ದಿನಗಳು ಹೋದವು. ಆ ದಿನಗಳನ್ನು ಹೇಳುವಾಗ ರೋಜಾ ಇಂದಿಗೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾಳೆ.

ಹೊಳಲ್ಕೆರೆಯಲ್ಲಿ ಮುರುಗೇಶಪ್ಪ ಎಂಬ ಮೆಕ್ಕೆಜೋಳದ ವ್ಯಾಪಾರಿಗಳಿದ್ದಾರೆ. ಅವರ ಗೋದಾಮಿಗೆ ಕಳ್ಳರನ್ನು ಗುರುತಿಸುವ ಅಂಥದೇ ಏರ್ಪಾಡು ಬೇಕಾಗಿತ್ತು. ಅದೇ ಜಾತಿಯ ಕಂಪ್ಯೂಟರ್, ನಾಲ್ಕು ಕ್ಯಾಮೆರಾ. ಕಲ್ಲೇಶ ತನ್ನ ಓಮ್ನಿ ಗಾಡಿಯ ಮೇಲೆ ಏಣಿ ಕಟ್ಟಿಕೊಂಡು ರೋಜಾಳೊಡನೆ ಹೋದ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಕ್ಯಾಮೆರಾಗಳೆಲ್ಲ ಕೂತವು. ರೋಜಾ ಹಟ್ಟಿಯ ಸ್ಕ್ರಿಪ್ಟನ್ನೇ ಇಲ್ಲಿಗೂ ಹಾಕಿದಳು. ಮೊದಲ ಸಲ ನಡೆಸುವಾಗ ಎಲ್ಲ ಕಣ್ಣಿಗೆ ಕಾಣಲಿ ಎಂದು, ದೂರುಗಳನ್ನು ಎಸೆಯುವ ಆ ಮಾತನ್ನು ಮಾತ್ರ ತೆಗೆದಿದ್ದಳು.

ಮೂರು ಪ್ರೋಗ್ರಾಂಗಳು ಎದ್ದವು. ನಾಲ್ಕನೆಯದರ ಜಾಗದಲ್ಲಿ ಒಂದೇ ಸಾಲು ಬಂತು: ಕೋರಿಗೆ ಕಟ್ಟಲಾಗಲಿಲ್ಲ, ಕೊಟ್ಟ ಸಂಖ್ಯೆ ಸಲ್ಲದು.

ರೋಜಾ ಅದನ್ನು ಓದಿದಳು. ಮತ್ತೆ ಓದಿದಳು.

"ಏನಾತು ರೋಜಮ್ಮ? ಹಾವು ಕಂಡಂಗೆ ನಿಂತ್ಯಲ್ಲ" ಎಂದ ಕಲ್ಲೇಶ.

"ಅಣ್ಣಾ, ನಾಕು ಇಲ್ಲ."

"ಏನ್ ನಾಕಿಲ್ಲ? ನಾಕೂ ಕ್ಯಾಮೆರಾ ನಾನೇ ಕೂರ್ಸಿದೀನಿ."

"ಕೋರ್ ಅಣ್ಣಾ. ಮೂರಕ್ಕೇ ಮುಗೀತು. ಅಲ್ಲಿ ಹಟ್ಟೀಲೂ ಹಿಂಗೇ ಬರೆದಿದೀನಿ. ಅತ್ತೆಮ್ಮನ ರೊಪ್ಪ ಯಾರೂ ನೋಡ್ತಿಲ್ಲ. ಒಂದು ದಿನಾನೂ ನೋಡಿಲ್ಲ."

ಕಲ್ಲೇಶ ತಿರುಗಿ ಹೊರಗೆ ನೋಡಿದ. ಬಾಗಿಲಿನಿಂದ ಬರುತ್ತಿದ್ದ ಬಿಸಿಲು ಆಗಲೇ ಹಳದಿಯಾಗಿತ್ತು. ಗುಡ್ಡದ್ದು ಇಳಿಯುವುದು ಹೊತ್ತು ಮುಳುಗುವ ಸಮಯದಲ್ಲಿ.

"ನಡಿ, ಹೋಗಾಣ" ಎಂದು ಅವನು ಗಾಡಿಯ ಕಡೆಗೆ ಓಡಿದ. ಮುರುಗೇಶಪ್ಪನವರು ಚಹಾದ ಲೋಟಗಳನ್ನು ಹಿಡಿದು, "ಏನಪ್ಪ, ಕುಂತ್ಕಳ್ರಿ, ಚಾ ಬಂದೈತೆ" ಎನ್ನುತ್ತ ಹಿಂದೆಯೇ ಬಂದರು. ಬಿಚ್ಚಿದ ವೈರುಗಳು ನೆಲದಲ್ಲಿಯೇ ಉಳಿದವು.

ಗಾಡಿ ಹೊರಟೊಡನೆ ರೋಜಾ ಫೋನ್ ಹಿಡಿದಳು. ಅತ್ತೆಗೆ ಮಾಡಿ ಪ್ರಯೋಜನವಿಲ್ಲ; ಅವಳಿಗೆ ಫೋನ್ ಕೇಳದು, ಇಟ್ಟುಕೊಂಡೂ ಇರಲಿಲ್ಲ. ತಿಮ್ಮೇಶ ಗುಡ್ಡದ ಆ ಬದಿ, ಸಿಗ್ನಲ್ ಇಲ್ಲದ ಕಡೆ. ಮಾವ ಗೋವಿಂದಪ್ಪ ಟಗರು ಮಾರಲು ಶ್ರೀರಾಂಪುರದ ಕಡೆ ಹೋಗಿದ್ದರು. ರಂಗಪ್ಪನ ಫೋನ್ ಹತ್ತಿತು. ಹಿಂದೆ ಓಲಗದ ಸದ್ದು.

"ರಂಗಪ್ಪಣ್ಣಾ, ಎಲ್ಲಿದೀರ? ನಮ್ಮತ್ತೇನ ಒಳಗೆ ಕರ್ಕಂಡು ಹೋಗ್ರಿ ಒಂದೀಟು!"

"ಹರಿಯಬ್ಬೇಲಿ ಮದ್ವೆ ಅಲ್ವೇನಮ್ಮ, ಹಟ್ಟಿ ಪೂರಾ ಇಲ್ಲೇ ಐತೆ! ನಿಮ್ಮತ್ತೆ ಒಬ್ಬಳೇ ಬರಲ್ಲ ಅಂದ್ಲು, ಎಳೇ ಮರಿ ಬಿಟ್ಟು. ಯಾಕೆ, ಏನಾತು?"

ಹಟ್ಟಿಯಲ್ಲಿ ಬೇರೆ ಯಾರೂ ಇಲ್ಲ. ನಾಯಿಯೂ ಇಲ್ಲ. ಹರಿಯಬ್ಬೆಯಿಂದ ಅವರು ಈಗ ಹೊರಟರೂ ಕತ್ತಲಾಗುವ ಮೊದಲು ಮುಟ್ಟುವುದಿಲ್ಲ ಎಂದುಕೊಂಡು ರೋಜಾ ಫೋನ್ ಇಟ್ಟಳು.

ಉಳಿದದ್ದು ಒಂದೇ ದಾರಿ. ಹಟ್ಟಿಯ ಕಂಪ್ಯೂಟರಿಗೆ ಒಂದು ಸಿಮ್ ಹಾಕಿ, ಎಲ್ಲಿಂದಲಾದರೂ ಫೋನಿನ ಮೂಲಕ ಅದರೊಳಗೆ ಹೋಗಿ ಆಜ್ಞೆ ಬರೆಯುವ ಏರ್ಪಾಡನ್ನು ಅವಳು ಮಾಡಿಟ್ಟಿದ್ದಳು. ಆದರೆ ಗುಡ್ಡದ ಮರೆಯಲ್ಲಿ ಸಿಗ್ನಲ್ ಬಂದರೆ ಬಂತು, ಇಲ್ಲವಾದರೆ ಇಲ್ಲ. ಅವಳು ಒತ್ತಿದಳು. ಉತ್ತರವಿಲ್ಲ. ಗಾಡಿ ಹಾರಿ ಹಾರಿ ಬೀಳುತ್ತಿತ್ತು. ಮೇಲೆ ಏಣಿ ಬಡಿದುಕೊಳ್ಳುತ್ತಿತ್ತು. ಚಿತ್ರದುರ್ಗ ಹತ್ತಿರವಾದಾಗ ಹೊತ್ತು ಬೆಟ್ಟದ ಬಂಡೆಗಳ ಮೇಲೆ ಕುಳಿತಿತ್ತು.

"ಸಿಕ್ತಾ?"

"ಇಲ್ಲ."

"ಒತ್ತು, ಒತ್ತು. ಒತ್ತಾ ಇರು."

ಹೆದ್ದಾರಿಗೆ ತಿರುಗಿದ ಮೇಲೆ ಸಿಕ್ಕಿತು. ರೋಜಾ ನಡೆಯುತ್ತಿರುವ ಪ್ರೋಗ್ರಾಂಗಳು ಯಾವುವೆಂದು ಕೇಳಿದಳು. ಮೂರು ಹೆಸರು ಬಂದವು. ತನ್ನ ತಪ್ಪು ಇಲ್ಲದಿರಲಿ ಎಂದು ಒಳಗೊಳಗೇ ಬೇಡಿಕೊಂಡಿದ್ದವಳಿಗೆ ಅಲ್ಲಿಗೆ ಆಸೆ ತೀರಿತು. ನಾಲ್ಕನೆಯ ಪ್ರೋಗ್ರಾಮನ್ನು ಈಗ ಎಲ್ಲಿಗೆ ಕಟ್ಟುವುದು? ಮೂರನೆಯ ಕೋರಿಗೇ ಕಟ್ಟಿದರೆ ಎರಡೂ ಜಗ್ಗಾಡಿ ಎರಡೂ ತಡವಾಗುತ್ತವೆ. ತಡವಾದ ಸೈರನ್ ಏನು ಮಾಡುತ್ತದೆಂದು ಅವಳು ನೋಡಿದ್ದಳು. ಬಿಡುವಾಗಿದ್ದುದು ಸೊನ್ನೆ ಒಂದೇ.

ಅವಳ ಬೆರಳು ನಿಂತಿತು.

ಮೀಸಲಿಗೆ ಕೈ ಹಾಕಿದರೆ ಮಂದೆಗೆ ಕೇಡು ಎಂಬ ಮಾತನ್ನು ಹಾಲಿನೊಡನೆ ಕುಡಿದವಳು ಅವಳು. ಯಂತ್ರದ ಕೋರಿಗೂ ದೇವರಿಗೂ ಸಂಬಂಧವಿಲ್ಲವೆಂದು ಬುದ್ಧಿ ಹೇಳುತ್ತಿತ್ತು. ಆದರೂ ಅತ್ತೆಯ ಪ್ರಾಣ ಕೂದಲೆಳೆಯಲ್ಲಿರುವಾಗ ಅದನ್ನು ಮುರಿಯಲು ಧೈರ್ಯ ಬರಲಿಲ್ಲ.

ಕಲ್ಲೇಶ ಓರೆಗಣ್ಣಿನಿಂದ ನೋಡಿದ. "ಏನು, ಮೀಸಲಾ?"

ಅವಳು ತಲೆಯಾಡಿಸಿದಳು.

"ಬರಿಯವ್ವ ತಾಯಿ! ನಿಮ್ಮ ದೇವ್ರಿಗೆ ನಾನ್ ಹೇಳ್ತೀನಿ, ತಪ್ಪು ಕಲ್ಲೇಶಂದು ಅಂತ. ಬೇಕಾದ್ರೆ ನಮ್ಮ ಮಠದ ಸ್ವಾಮಿಗಳ ಕೈಲೂ ಒಂದು ಮಾತು ಹೇಳಸ್ತೀನಿ. ಬರಿ!"

ಅವಳು ನಾಲ್ಕನ್ನು ಅಳಿಸಿ ಸೊನ್ನೆ ಬರೆದು ಕಳಿಸಿದಳು. ಪರದೆ ಅಲ್ಲಾಡಲಿಲ್ಲ. ಆಜ್ಞೆ ಹಟ್ಟಿಗೆ ಮುಟ್ಟಿತೋ, ನಡುದಾರಿಯಲ್ಲಿ ಉಳಿಯಿತೋ ತಿಳಿಯದು. ಸಂಪರ್ಕ ಹೋಗಿತ್ತು.

ಎಡಗಡೆ ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳ ರೆಕ್ಕೆಗಳು ಕಪ್ಪಾಗಿ ತಿರುಗುತ್ತಿದ್ದವು. ಒಂದೊಂದರ ತಲೆಯ ಮೇಲೂ ಕೆಂಪು ದೀಪ ಹತ್ತತೊಡಗಿತು. ಸಾಲು ಸಾಲಾಗಿ ಅಷ್ಟು ಕೆಂಪು ದೀಪಗಳು. ತನಗೆ ಬೇಕಾದದ್ದು ಅವುಗಳಲ್ಲಿ ಇಲ್ಲ ಎಂದು ರೋಜಾ ಅವನ್ನೇ ನೋಡುತ್ತ ಕುಳಿತಿದ್ದಳು. ಐಮಂಗಲ ದಾಟಿ ಒಳದಾರಿ ಹಿಡಿದಾಗ ಕೈಯಲ್ಲಿದ್ದ ಫೋನ್ ಅದುರಿತು. ಕಂಪ್ಯೂಟರ್ ಕಳಿಸಿದ ಸಂದೇಶ: ನಾಲ್ಕನೆಯ ರೊಪ್ಪ, ಚಿರತೆ.

ಪ್ರೋಗ್ರಾಂ ಎದ್ದಿದೆ. ಎದ್ದು ನೋಡಿದ ಮೊದಲ ನೋಟಕ್ಕೇ ಅದು ಕಂಡಿದೆ.

ಸಂದೇಶದ ಕೆಳಗೆ ಒಂದು ಚಿತ್ರ ನಿಧಾನವಾಗಿ ತೆರೆದುಕೊಂಡಿತು. ಮುಸ್ಸಂಜೆಯ ಬೂದು ಬೆಳಕು. ಮುಳ್ಳುಬೇಲಿ. ಬೇಲಿಗೆ ಬೆನ್ನು ಮಾಡಿ ಕುಕ್ಕುರುಗಾಲಿನಲ್ಲಿ ಕುಳಿತು, ತೊಡೆಯ ಮೇಲೊಂದು ಮರಿ ಇಟ್ಟುಕೊಂಡು ಬಾಟಲಿಯಲ್ಲಿ ಹಾಲು ಕುಡಿಸುತ್ತಿರುವ ಏಕನಾಥಮ್ಮ. ಅವಳ ಬೆನ್ನ ಹಿಂದೆ, ಬೇಲಿಯ ಆಚೆಯ ಬಂಡೆಯ ಮೇಲೆ, ಮುಂಗಾಲು ಕೆಳಗಿಟ್ಟು ಬಗ್ಗಿದ ಒಂದು ಆಕಾರ.

ರೋಜಾ ಫೋನನ್ನು ಕಲ್ಲೇಶನ ಕಡೆಗೆ ಹಿಡಿದಳು. ಅವನು ನೋಡಿ, "ಶಿವನೇ" ಎಂದು ಗಾಡಿಯನ್ನು ಕಲ್ಲುದಾರಿಯಲ್ಲಿ ಬಿಟ್ಟ ಬಾಣದಂತೆ ಬಿಟ್ಟ. ಏಣಿ ಕಳಚಿ ಹಿಂದೆ ಬಿತ್ತು. ಯಾರೂ ತಿರುಗಿ ನೋಡಲಿಲ್ಲ.

ಹಟ್ಟಿಗೆ ಬರುವ ಮೊದಲೇ ಸೈರನ್ ಕೇಳಿಸಿತು. ಬಿಡದೆ ಕೂಗುತ್ತಿತ್ತು. ಬಿಡದೆ ಕೂಗುತ್ತಿದೆಯೆಂದರೆ ಅದು ಇನ್ನೂ ಅಲ್ಲಿಯೇ ಇದೆಯೆಂದು ಅರ್ಥ. ಮನೆಗಳ ಬಾಗಿಲುಗಳೆಲ್ಲ ಮುಚ್ಚಿದ್ದವು. ಕೊನೆಯಲ್ಲಿ, ಗುಡ್ಡದ ಕಡೆ, ಕೆಂಪು ಬೆಳಕು ಸುತ್ತು ಹಾಕುತ್ತ ಬೇಲಿಯನ್ನು ಒಮ್ಮೆ ತೋರಿಸಿ ಒಮ್ಮೆ ನುಂಗುತ್ತಿತ್ತು.

ಕಲ್ಲೇಶ ಗಾಡಿಯ ದೀಪವನ್ನು ರೊಪ್ಪಕ್ಕೆ ನೇರವಾಗಿ ತಿರುಗಿಸಿದ. ಬೇಲಿಯಾಚೆ ಬಂಡೆಯ ಮೇಲೆ ಎರಡು ಕಣ್ಣು ಹೊಳೆದವು. ಅದಕ್ಕೆ ಅವಸರವಿರಲಿಲ್ಲ. ಎದ್ದು ನಿಂತಿತು, ಮೈ ಮುರಿಯಿತು, ಒಮ್ಮೆ ರೊಪ್ಪದೊಳಗೆ ನೋಡಿತು, ಗುಡ್ಡದ ಕತ್ತಲಿಗೆ ಹತ್ತಿ ಹೋಯಿತು.

ರೊಪ್ಪದೊಳಗೆ ಯಾರೂ ಇರಲಿಲ್ಲ. ಹಾಲಿನ ಬಾಟಲಿ ಮಣ್ಣಿನಲ್ಲಿ ಉರುಳಿತ್ತು. ಒಂದು ಚಪ್ಪಲಿ ಇತ್ತು.

"ಅತ್ತೆಮ್ಮಾ!" ಕಿವಿ ಕೇಳದವಳನ್ನು ರೋಜಾ ಕೂಗಿದಳು. ಸೈರನ್ ಅವಳ ಕೂಗನ್ನು ಮುಚ್ಚಿಹಾಕಿತು. ಓಡಿ ಒಳಗೆ ನುಗ್ಗುವಾಗ ಮುಳ್ಳು ತೋಳನ್ನು ಗೀರಿದ್ದೂ ತಿಳಿಯಲಿಲ್ಲ. ನೆಲದಲ್ಲಿ ಹುಡುಕಿದಳು, ಬೇಲಿಯ ಬುಡದಲ್ಲಿ ಹುಡುಕಿದಳು. ಕೊನೆಗೆ ಕಲ್ಲಿನ ಗೂಡಿನ ಕಡೆ ನೋಡಿದಳು. ಗೂಡಿನ ಬಾಯಿಗೆ ಕಂಬಳಿಯೊಂದು ಬಿಗಿಯಾಗಿ ಒತ್ತಿಕೊಂಡಿತ್ತು. ಆ ಕಂಬಳಿ ಉಸಿರಾಡುತ್ತಿತ್ತು.

ಅದು ಏಕನಾಥಮ್ಮನ ಬೆನ್ನು. ಮರಿಗಳನ್ನೆಲ್ಲ ಒಳಗೆ ತಳ್ಳಿ, ಕಂಬಳಿ ಹೊದ್ದು, ಗೂಡಿನ ಬಾಯಿಗೆ ತನ್ನ ಮೈಯನ್ನೇ ಬಾಗಿಲು ಮಾಡಿ ಕುಳಿತಿದ್ದಳು. ರೋಜಾ ಮುಟ್ಟಿದಾಗ ಅವಳ ಇಡೀ ದೇಹ ಸೆಟೆದುಕೊಂಡಿತು. ಮುಟ್ಟಿದ್ದು ಪಂಜವಲ್ಲ, ಕೈ ಎಂದು ತಿಳಿಯಲು ಅವಳಿಗೆ ಕೊಂಚ ಹೊತ್ತು ಬೇಕಾಯಿತು. ಆಮೇಲೆ ನಿಧಾನವಾಗಿ ತಿರುಗಿದಳು.

"ದೀಪ ಹತ್ತಿತು ಕಣೇ" ಎಂದಳು. "ನೆಲ ಕೆಂಪಾತು. ನೀನು ಹೇಳಿದ್ದಂಗೇ ಆತು. ನಾನು ತಿರುಗಿ ನೋಡ್ಲಿಲ್ಲ, ಮರಿ ಬಾಚ್ಕಂಡು ಒಳಗೆ ಬಂದ್ಬಿಟ್ಟೆ."

ರೋಜಾ ಅವಳನ್ನು ತಬ್ಬಿಕೊಂಡು ಕುಳಿತಳು. ಹೇಳದೆ ಇರಬಹುದಿತ್ತು. ಕಲ್ಲೇಶ ಸೈರನ್ ಆರಿಸಿ ಬಂದು, ಈಗ ಬೇಡವೆಂದು ಕೈಯಲ್ಲಿ ಸನ್ನೆಯನ್ನೂ ಮಾಡಿದ. ಆದರೆ ಅತ್ತೆಯ ಬರಿದಾದ ಮಣಿಕಟ್ಟು ಅವಳ ಕೈಯಲ್ಲಿತ್ತು. ಆ ನಿಶ್ಶಬ್ದದಲ್ಲಿ ಅವಳು ತನ್ನ ತಪ್ಪನ್ನು ಕೂಗಿಯೇ ಹೇಳಬೇಕಾಯಿತು.

"ಇಷ್ಟು ದಿನ ಅದು ನೋಡ್ತಾನೇ ಇರ್ಲಿಲ್ಲ ಅತ್ತೆಮ್ಮ!"

"ಏನು?"

"ದೀಪ! ಕುರುಡಾಗಿತ್ತು! ನಾನೇ ತಪ್ಪು ಬರ್ದಿದ್ದೆ! ಇವತ್ತು, ಈಗ, ದಾರೀಲಿ ಸರಿ ಮಾಡಿದೆ!"

ಏಕನಾಥಮ್ಮ ಸೊಸೆಯ ತುಟಿಗಳನ್ನೇ ನೋಡುತ್ತಿದ್ದಳು. ಅರ್ಥವಾಯಿತೆಂಬುದು ಅವಳ ಮುಖದಲ್ಲಿ ಕಂಡಿತು. ಗುಡ್ಡದ ಕಡೆಗೆ ತಿರುಗಿ ಬಂಡೆಯನ್ನು ನೋಡಿದಳು. ಎಷ್ಟು ಸಂಜೆ ತಾನು ಆ ಬಂಡೆಗೆ ಬೆನ್ನು ಮಾಡಿ ಕುಳಿತಿದ್ದೆನೆಂದು ಎಣಿಸುವಂತಿತ್ತು. ಬೈಯಲಿಲ್ಲ. ಮರಿಯ ಕಿವಿಯನ್ನು ಸವರುತ್ತ ಕೇಳಿದಳು:

"ಮತ್ತೆ ಇವತ್ತು ಯಾರ್ನ ಕಾವಲಿಗೆ ನಿಲ್ಸಿದೆ?"

"ಮೀಸಲಿನೋನ್ನ."

ಮುದುಕಿ ಕಣ್ಣು ಮುಚ್ಚಿಕೊಂಡಳು. "ತಗಂಡಿದ್ದು ತಪ್ಪಲ್ಲ. ಬರಗಾಲದಾಗೆ ನಮ್ಮಜ್ಜಿನೂ ಮೀಸಲು ರಾಗಿ ಅಳೆದು ಮಕ್ಳಿಗೆ ಕೊಟ್ಟಿದ್ಲು. ಆದ್ರೆ ತಿರುಗಿ ಇಡಬೇಕು. ಮರೀಬ್ಯಾಡ."

ಮಾರನೆಯ ದಿನ ಹಟ್ಟಿಯವರೆಲ್ಲ ಮದುವೆಯಿಂದ ಮರಳಿದ ಮೇಲೆ ಏಕನಾಥಮ್ಮ ತಾನೇ ಫ್ಲೆಕ್ಸ್ ಕೇಳಿ ತರಿಸಿಕೊಂಡಳು. ಮರಿಗಳನ್ನು ಗೂಡಿಗೆ ಕೂಡಿ ಬಾಯಿಗೆ ಕಂಬಳಿ ಕಟ್ಟಿದಳು, ಒಂದು ಮರಿಗೂ ಆ ಮುಖ ಕಾಣದಂತೆ. ಆಮೇಲೆ ಚಿರತೆಯನ್ನು ಎದೆಗೆ ಹಿಡಿದು ಬೇಲಿಯ ಪಕ್ಕ ಬಗ್ಗಿ ನಡೆದಳು. ರಂಗಪ್ಪನೇ ಅಡ್ಡ ಬಂದ ಮುಳ್ಳು ಸರಿಸಿ ದಾರಿ ಮಾಡಿಕೊಟ್ಟ. ಕೆಂಪು ದೀಪ ತಿರುಗಿದಾಗ, ಫ್ಲೆಕ್ಸಿನ ಮೇಲಂಚಿನಲ್ಲಿ ಕಾಣುತ್ತಿದ್ದ ಅತ್ತೆಯ ಕಣ್ಣುಗಳು ಹಿಂದಿನ ಸಂಜೆಯ ಆ ಎರಡು ಕಣ್ಣುಗಳಂತೆ ಹೊಳೆದವಂತೆ.

ಅಂದಿನಿಂದ ಪ್ರತಿ ಸಂಜೆಯೂ ಯಾರಾದರೊಬ್ಬರು ಆ ಫ್ಲೆಕ್ಸ್ ಹಿಡಿದು ಎಲ್ಲ ರೊಪ್ಪಗಳನ್ನೂ ಸುತ್ತುತ್ತಾರೆ. ಯಂತ್ರದ ದೂರುಗಳನ್ನು ರೋಜಾ ಈಗ ಎಸೆಯುವುದಿಲ್ಲ. ಒಂದೊಂದೂ ಅವಳ ಫೋನಿಗೆ ಬರುತ್ತದೆ. ಮರಿಗಳು ಬಲಿತು ನಾಲ್ಕನೆಯ ರೊಪ್ಪ ಎತ್ತಿದ ದಿನ ಅವಳು ಸ್ಕ್ರಿಪ್ಟಿನಿಂದ ಆ ಸಾಲನ್ನು ತೆಗೆದು, ಸೊನ್ನೆಯನ್ನು ಮತ್ತೆ ಬಿಡುವು ಮಾಡಿ, ಅತ್ತೆಯ ಬಳಿ ಹೋಗಿ ಕೂಗಿದಳು: "ತಿರುಗಿ ಇಟ್ಟೆ ಅತ್ತೆಮ್ಮ!"

"ಇಟ್ಯಾ?" ಎಂದಳು ಏಕನಾಥಮ್ಮ. ಅವಳು ಒಂದನೆಯ ರೊಪ್ಪದ ಪಕ್ಕ, ಕೆಂಪು ದೀಪದ ಕಂಬದ ಕೆಳಗೆ, ಹಾಸಿಗೆ ಬಿಡಿಸುತ್ತಿದ್ದಳು. ಕರಿಯ ಪಕ್ಕದಲ್ಲಿ ಮಲಗಿದ್ದ. ಹಲ್ಲಿನಲ್ಲಿ ಹಗ್ಗದ ತುದಿ ಕಚ್ಚಿ ಹಿಡಿದು ಮಣಿಕಟ್ಟಿಗೆ ಗಂಟು ಬಿಗಿಯುತ್ತ, "ಸರಿ. ಇದ್ನ ಇನ್ನೊಂದೀಟು ಗಟ್ಟಿಯಾಗಿ ಕಟ್ಟು ಬಾ" ಎಂದು ಸೊಸೆಯ ಮುಂದೆ ಕೈ ಚಾಚಿದಳು.